ಬೋರ್ಡಿನಲ್ಲಿ ‘ಕಾಫಿ’ ‘ಕಾಪಿ’ ಆಗ್ತಿತ್ತು: ನನ್ನ ಅನುಭವ

ಉಡುಪಿಯಲ್ಲಿ ಮಾವನ ಹೋಟೆಲಿಗೆ ಫ್ಲೆಕ್ಸ್ ಬೋರ್ಡ್ ಮಾಡ್ತಿದ್ದೆ, ಇಂಕ್‌ಸ್ಕೇಪ್ ಅನ್ನೋ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ. ಇಂಗ್ಲಿಷಿಗೆ ನುನಿಟೊ ಅನ್ನೋ ಫಾಂಟ್ ಹಾಕಿದ್ದೆ. ಗೆರೆಗಳ ತುದಿ ಗುಂಡಗೆ, ‘ಓ’ ಹೆಚ್ಚುಕಮ್ಮಿ ಪೂರ್ತಿ ವೃತ್ತ. ಆದರೆ ಅದರಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಹಾಗಾಗಿ ಕನ್ನಡ ಸಾಲು ಬೇರೆ ಫಾಂಟಿಗೆ ಹಾರಿ, ತುದಿ ಚೂಪಾಗಿ ಕಾಣ್ತಿತ್ತು. ಪ್ರಿಂಟ್ ಅಂಗಡಿಯಲ್ಲಿ ತೆರೆದರೆ ‘ಪತ್ರೊಡೆ’ಯ ಒತ್ತು ಕಳಚಿ ಪಕ್ಕಕ್ಕೆ ಬಂತು.

ಮೊದಲು ನೋಟೊ ಸಾನ್ಸ್ ಕನ್ನಡ ಅನ್ನೋ ಫಾಂಟಿಗೆ ದಪ್ಪ ಸ್ಟ್ರೋಕ್ (ಅಕ್ಷರದ ಸುತ್ತಲಿನ ಗೆರೆ) ಕೊಟ್ಟು, ಜಾಯಿನ್ (ಆ ಗೆರೆಯ ಮೂಲೆ) ‘ರೌಂಡ್’ ಮಾಡಿದೆ. ತುದಿ ಗುಂಡಗಾಯಿತು, ಆದರೆ ‘ಫ’ದ ಕೆಳಗಿನ ಸೀಳು ಮುಚ್ಚಿತು. ‘ಕಾಫಿ’ ಹೋಗಿ ‘ಕಾಪಿ’. (ಬಾಯಲ್ಲಿ ಹಾಗೇ ಹೇಳ್ತೇವೆ, ಆದರೂ ಬೋರ್ಡ್ ಅಲ್ವಾ!) ಅಂಗಡಿಗೆ ಫಾಂಟ್ ಫೈಲ್ ಕೊಟ್ಟೆ, ಒತ್ತು ಸರಿಯಾಗಲಿಲ್ಲ. ಚಿತ್ರವಾಗಿ ಕಳಿಸಿದೆ, ದೊಡ್ಡದು ಮಾಡಿದಾಗ ಅಂಚು ಒಡೆಯಿತು.

ಕೊನೆಗೆ ಸರಿಹೋದದ್ದು ಬಾಲೂ ತಮ್ಮ 2 ಅನ್ನೋ ಫಾಂಟ್. ಏಕ್ ಟೈಪ್ ಅನ್ನೋ ಫಾಂಟ್ ತಯಾರಕರದು, ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಕನ್ನಡ, ಇಂಗ್ಲಿಷ್ ಎರಡೂ ಒಂದೇ ಕೈಯವು ಅನ್ನಿಸುತ್ತವೆ. ಕಂಪ್ಯೂಟರಿಗೆ ಹಾಕಿಕೊಂಡ ಮೇಲೆ ಇಂಕ್‌ಸ್ಕೇಪ್ ಮುಚ್ಚಿ ತೆರೆಯಿರಿ. ತೂಕ (ಅಕ್ಷರದ ದಪ್ಪ) ಸೆಮಿಬೋಲ್ಡ್ ಸಾಕು. ಎಕ್ಸ್‌ಟ್ರಾಬೋಲ್ಡ್ ಹಾಕಿದರೆ ದೂರದಿಂದ ಮತ್ತೆ ಅದೇ ‘ಫ’ ತಕರಾರು. ಸಾಲಿನ ಅಂತರ 1.6, ಇಲ್ಲದಿದ್ದರೆ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ಅಕ್ಷರಗಳ ನಡುವಿನ ಅಂತರ 0.

ಇನ್ನು ಮುಖ್ಯ ಹೆಜ್ಜೆ. ಕಾಗುಣಿತ ಪೂರ್ತಿ ನೋಡಿ, ಫೈಲಿನ ಒಂದು ಪ್ರತಿ ಉಳಿಸಿ. ಆಮೇಲೆ ಎಲ್ಲ ಆಯ್ದು, ಪಾತ್ ಮೆನುವಿನಲ್ಲಿ ‘ಆಬ್ಜೆಕ್ಟ್ ಟು ಪಾತ್’ ಒತ್ತಿ, ಪಿಡಿಎಫ್ ಮಾಡಿ. ಅಕ್ಷರ ಬರೀ ಆಕಾರವಾಗುತ್ತದೆ, ಅಂಗಡಿಯಲ್ಲಿ ಫಾಂಟೇ ಬೇಡ. ಒಮ್ಮೆ ಹೀಗೆ ಮಾಡಿದ ಮೇಲೆ ತಿದ್ದಲು ಬರುವುದಿಲ್ಲ. ‘ಬನ್ಸ್’ ದರ ಬದಲಾದಾಗ ಆ ಪ್ರತಿಯೇ ಬೇಕಾಯಿತು.