ಎದುರಾಳಿಯ ಎಲೆ ಮುಚ್ಚಿಟ್ಟು ಪೋಕರ್ ಕಲಿತದ್ದು

ಮೊದಲ ವರ್ಷ ದೊಡ್ಡ ಮೊತ್ತದ ಪೋಕರ್ ಆಟಗಳನ್ನು ಸುಮ್ನೆ ಸಿನಿಮಾ ಥರ ನೋಡುತ್ತಿದ್ದೆ. ಇಬ್ಬರ ಎಲೆಗಳೂ ತೆರೆಯ ಮೇಲೆ ಕಾಣುತ್ತವೆ. 'ಅಯ್ಯೋ, ಇಲ್ಲಿ ಫೋಲ್ಡ್ ಮಾಡೋದಾ, ಎಲೆ ಬಿಟ್ಟುಕೊಡೋದಾ?' ಅಂತ ನಗುವುದು ಸುಲಭ, ಅಲ್ವಾ? ನನ್ನ ಆಟ ಮಾತ್ರ ಇದ್ದಲ್ಲೇ ಇತ್ತು.

ಆಮೇಲೆ ಒಬ್ಬನ ಎಲೆ ಕಾಣದಂತೆ ತೆರೆಗೆ ರಟ್ಟಿನ ಚೂರು ಅಂಟಿಸಿದೆ. ಪ್ರತಿ ಬೆಟ್‌ಗೂ ವಿಡಿಯೊ ನಿಲ್ಲಿಸಿ, ಅವನ ಹತ್ತಿರ ಏನೇನಿರಬಹುದು ಎಂದು ಬರೆಯತೊಡಗಿದೆ.

ಜಾಸ್ತಿ ಕಲಿಸಿದ್ದು 2003ರ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮುಖ್ಯ ಸ್ಪರ್ಧೆಯ ಒಂದು ಹ್ಯಾಂಡ್, ಅಂದರೆ ಒಮ್ಮೆ ಎಲೆ ಹಂಚಿ ಆಡಿದ ಆಟ. ಕೊನೆಗೆ ಉಳಿದವರು ಕ್ರಿಸ್ ಮನಿಮೇಕರ್ ಮತ್ತು ಸ್ಯಾಮ್ ಫರ್ಹಾ. ನಾನು ಫರ್ಹಾ ಕಡೆ ಕೂತೆ. ಕೈಯಲ್ಲಿ ಸ್ಪೇಡ್ ರಾಣಿ, ಆಟೀನ್ 9. ಫ್ಲಾಪ್‌ನಲ್ಲಿ, ಅಂದರೆ ಇಬ್ಬರಿಗೂ ಸೇರಿ ಮೇಜಿನ ಮೇಲೆ ತೆರೆಯುವ ಮೊದಲ ಮೂರು ಎಲೆಗಳಲ್ಲಿ, ಸ್ಪೇಡ್ 9, ಡೈಮಂಡ್ 2, ಸ್ಪೇಡ್ 6. ನಾಲ್ಕನೇ ಎಲೆ, ಅಂದರೆ ಟರ್ನ್, ಸ್ಪೇಡ್ 8. ಫರ್ಹಾ 3 ಲಕ್ಷ ಚಿಪ್ಸ್ ಹಾಕಿದರೆ ಮನಿಮೇಕರ್ 8 ಲಕ್ಷಕ್ಕೆ ಏರಿಸಿದ. ಕೊನೆಯ ಎಲೆ, ಅಂದರೆ ರಿವರ್‌ನಲ್ಲಿ, ಆಟೀನ್ 3. ಮನಿಮೇಕರ್ ಆಲ್ ಇನ್, ಇದ್ದ ಚಿಪ್ಸ್ ಎಲ್ಲ ಹಾಕಿಬಿಟ್ಟ.

ನಾನು ಬರೆದದ್ದು: ಫ್ಲಶ್ (ಒಂದೇ ಗುರುತಿನ ಐದು ಎಲೆ), ಸ್ಟ್ರೇಟ್ (ಸಾಲಾಗಿ ಬರುವ ಐದು ಎಲೆ), ಎರಡು ಜೋಡಿ, ಇಲ್ಲವೇ ಒಂದೇ ಸ್ಪೇಡ್ ಹಿಡಿದು ಫ್ಲಶ್ ಕೂಡದೆ ಉಳಿದವನ ಬ್ಲಫ್ (ಒಳ್ಳೆ ಎಲೆ ಇಲ್ಲದೆಯೂ ಇದ್ದಂತೆ ಬೆಟ್ ಹಾಕುವುದು). ರಾಣಿ ನನ್ನ ಕೈಯಲ್ಲೇ ಇದೆ, ಹಾಗಾಗಿ ಅವನಿಗೆ ಫ್ಲಶ್ ಇರುವ ಸಾಧ್ಯತೆ ಸ್ವಲ್ಪ ಕಡಿಮೆ. ಆದರೆ ಅದೇ ರಾಣಿಯನ್ನು ಹಿಡಿದು ಅವನು ಬ್ಲಫ್ ಮಾಡುತ್ತಿರಲೂ ಸಾಧ್ಯವಿಲ್ಲ! ಈ ಎರಡನೇ ಮಾತು ಹೊಳೆಯಲು ಮೂರು ಸಲ ನೋಡಬೇಕಾಯಿತು. ಫರ್ಹಾ ಫೋಲ್ಡ್ ಮಾಡಿದ.

ರಟ್ಟು ತೆಗೆದರೆ ಸ್ಪೇಡ್ ರಾಜ, ಆಟೀನ್ 7. ಒಂದು ಜೋಡಿಯೂ ಇಲ್ಲ. ಈಗ ಆ ಕಡೆ ಕೂತು ನೋಡಿದೆ. ಟರ್ನ್‌ನಲ್ಲಿ ಏರಿಸಿದಾಗ ಇನ್ನೊಂದು ಸ್ಪೇಡ್ ಬಂದರೆ ಫ್ಲಶ್, 5 ಅಥವಾ 10 ಬಂದರೆ ಸ್ಟ್ರೇಟ್. ಬರೀ ಧೈರ್ಯ ಅಲ್ಲ ಅದು. ರಾಜ ಅವನ ಬಳಿಯೇ ಇದ್ದುದರಿಂದ ಫರ್ಹಾಗೆ ರಾಜನ ಫ್ಲಶ್ ಇರುವಂತೆಯೂ ಇರಲಿಲ್ಲ.

ಖುಷಿಯಲ್ಲಿ ಇದನ್ನೇ ನನ್ನ ಚಿಕ್ಕ ಮೊತ್ತದ ಆಟದಲ್ಲಿ ಮಾಡಿದೆ. ಎದುರಿನವನು ಬರೀ ಸಾಧಾರಣ ಜೋಡಿ ಹಿಡಿದು ತಕ್ಷಣ ಕಾಲ್ ಮಾಡಿದ, ಅಷ್ಟೇ ಚಿಪ್ಸ್ ತಾನೂ ಹಾಕಿದ! ಪಾಟ್‌ನಷ್ಟೇ, ಅಂದರೆ ಮೇಜಿನ ನಡುವೆ ಆಗಲೇ ಸೇರಿರುವ ಮೊತ್ತದಷ್ಟೇ, ಬೆಟ್ ಹಾಕಿ ಬ್ಲಫ್ ಮಾಡಿದರೆ, ನಷ್ಟವಾಗದಿರಲು ಎದುರಿನವನು ಎರಡರಲ್ಲಿ ಒಂದು ಸಲವಾದರೂ ಫೋಲ್ಡ್ ಮಾಡಬೇಕು. ನಮ್ಮ ಟೇಬಲ್‌ನಲ್ಲಿ ಹಾಗೆ ಎಲೆ ಬಿಡುವವರೇ ಇರಲಿಲ್ಲ.

ಕತ್ತರಿಸಿ ಜೋಡಿಸಿದ ವಿಡಿಯೊಗಳಲ್ಲಿ ಬೇಜಾರಿನ ಫೋಲ್ಡ್‌ಗಳು ಕಾಣುವುದಿಲ್ಲ. ಅದಕ್ಕೆ ಈಗ ಪೂರ್ತಿ ಆಟ ನೋಡುತ್ತೇನೆ. ವಾರಕ್ಕೆ ಒಂದೇ ಹ್ಯಾಂಡ್ ಬರೆಯುತ್ತೇನೆ, ಎರಡೂ ಕಡೆಯಿಂದ.