ನೆಟ್‌ವರ್ಕ್ ಬದಲಾದಾಗ ಡಿಎನ್‌ಎಸ್ ಕೈಕೊಡದಂತೆ ನೋಡಿಕೊಳ್ಳುವುದು ಹೇಗೆ?

ವೈಫೈ ಸಿಗ್ನಲ್ ಪೂರ್ತಿ ಇದೆ. ಕನೆಕ್ಟ್ ಆಗಿದೆ ಅಂತಲೂ ತೋರಿಸುತ್ತಿದೆ. ಆದರೆ ಬ್ರೌಸರ್‌ನಲ್ಲಿ ಒಂದು ಸೈಟೂ ತೆರೆಯುತ್ತಿಲ್ಲ. ಮನೆಯಲ್ಲಿ ಚೆನ್ನಾಗಿಯೇ ಇದ್ದ ಲ್ಯಾಪ್‌ಟಾಪ್ ಆಫೀಸಿನಲ್ಲಿ ಹೀಗೆ ಮಾಡಬಹುದು. ಲಾಡ್ಜ್‌ನ ವೈಫೈನಲ್ಲಿ ಮಾಡಬಹುದು. ಕರೆಂಟ್ ಹೋಗಿ ರೂಟರ್ ಆಫ್ ಆದಾಗ ಫೋನಿನ ಹಾಟ್‌ಸ್ಪಾಟ್‌ಗೆ ಬಂದರೂ ಮಾಡಬಹುದು. ಜಾಗ ಬದಲಾದ ಕೂಡಲೇ ತೊಂದರೆ ಶುರುವಾದರೆ ಮೊದಲು ಡಿಎನ್‌ಎಸ್ ಸೆಟ್ಟಿಂಗ್ ನೋಡಿ.

ಡಿಎನ್‌ಎಸ್ ಮಾಡುವ ಕೆಲಸ ಇಷ್ಟೇ: ನಾವು ಬರೆದ ಸೈಟಿನ ಹೆಸರಿಗೆ ಯಾವ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಕಂಪ್ಯೂಟರ್‌ಗಳನ್ನು ಗುರುತಿಸುವ ನಂಬರ್) ಅಂತ ಹೇಳುವುದು. ಹಿಂದೆ ಎಲ್ಲ ಹೆಸರುಗಳಿಗೂ ಅಮೆರಿಕದಲ್ಲಿ ಒಂದೇ ಪಟ್ಟಿ ಇರುತ್ತಿತ್ತು, ಎಲ್ಲರೂ ಅದನ್ನೇ ಇಳಿಸಿಕೊಳ್ಳಬೇಕಿತ್ತು. ಪಟ್ಟಿ ಬೆಳೆದು ಸಂಭಾಳಿಸಲು ಆಗದೇ ಹೋದಾಗ, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಈಗಿನ ವ್ಯವಸ್ಥೆಯನ್ನು ರೂಪಿಸಿದರು. ಹೆಸರು ಸಿಕ್ಕಾಗ ನಮ್ಮ ಕಂಪ್ಯೂಟರ್ ಹೋಗಿ ವಿಳಾಸ ಕೇಳುವ ಸರ್ವರ್‌ಗೆ ರಿಸಾಲ್ವರ್ ಅಂತಾರೆ. ಅದರ ವಿಳಾಸವನ್ನು ಸಾಮಾನ್ಯವಾಗಿ ನಾವು ಕೊಡಬೇಕಾಗಿಲ್ಲ. ನೆಟ್‌ವರ್ಕ್‌ಗೆ ಸೇರುವಾಗಲೇ ರೂಟರ್ ಅದನ್ನು ಕೊಟ್ಟಿರುತ್ತದೆ. ಇದೇ 'ಆಟೊಮ್ಯಾಟಿಕ್'.

'ಮ್ಯಾನುಯಲ್' ಮಾಡಿ ನಾವೇ ಒಂದು ನಂಬರ್ ಬರೆದರೆ, ರೂಟರ್ ಹೇಳಿದ್ದನ್ನು ಕಂಪ್ಯೂಟರ್ ಬದಿಗಿಡುತ್ತದೆ. ಅಲ್ಲಿ 192.168.1.1 ಅಂತ ಮನೆಯ ರೂಟರ್‌ನ ವಿಳಾಸವನ್ನೇ ಬರೆದಿದ್ದೀರಿ ಅಂದುಕೊಳ್ಳಿ. ಫೋನಿನ ಹಾಟ್‌ಸ್ಪಾಟ್‌ನಲ್ಲಿ ಆ ವಿಳಾಸಕ್ಕೆ ಯಾರೂ ಇರುವುದಿಲ್ಲ. ಕೇಳಿದ್ದಕ್ಕೆ ಉತ್ತರ ಬರುವುದಿಲ್ಲ, ಸೈಟ್ ತೆರೆಯುವುದಿಲ್ಲ.

ಹಾಗಾಗಿ ನನ್ನ ಸಲಹೆ ಒಂದೇ. ಕಂಪ್ಯೂಟರ್ ಒಟ್ಟಾರೆಯಾಗಿ ಆಟೊಮ್ಯಾಟಿಕ್‌ನಲ್ಲೇ ಇರಲಿ. ಬೇರೆ ಡಿಎನ್‌ಎಸ್ ಬೇಕೇ ಬೇಕು ಅನ್ನುವ ನೆಟ್‌ವರ್ಕ್‌ಗೆ ಮಾತ್ರ, ಆ ನೆಟ್‌ವರ್ಕ್‌ನ ಹೆಸರಿನ ಅಡಿಯಲ್ಲೇ, ಬದಲಾವಣೆ ಮಾಡಿ.

ಈಗ ಯಾರನ್ನು ಕೇಳುತ್ತಿದೆ?

ಏನನ್ನೂ ಮುಟ್ಟುವ ಮುಂಚೆ ಇದನ್ನು ನೋಡಿಕೊಳ್ಳಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ಎನ್‌ಎಸ್‌ಲುಕ್‌ಅಪ್' (nslookup) ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಸ್ಪೇಸ್ ಇಲ್ಲದೆ ಬರೆದು, ಆಮೇಲೆ ಒಂದು ಸ್ಪೇಸ್ ಬಿಟ್ಟು ಯಾವುದಾದರೂ ಸೈಟಿನ ಹೆಸರು ಬರೆಯಿರಿ. ಮೊದಲ ಎರಡು ಸಾಲಿನಲ್ಲಿ ಕಾಣುವುದು ಉತ್ತರ ಕೊಡುತ್ತಿರುವ ಸರ್ವರ್. ಅಲ್ಲಿನ ವಿಳಾಸವೂ ಈಗಿನ ನೆಟ್‌ವರ್ಕ್‌ನ ವಿಳಾಸವೂ ಒಂದಕ್ಕೊಂದು ಸಂಬಂಧವೇ ಇಲ್ಲದಂತಿದ್ದರೆ ಹಳೆಯ ಮ್ಯಾನುಯಲ್ ನಂಬರ್ ಎಲ್ಲೋ ಉಳಿದುಕೊಂಡಿರಬಹುದು.

ಉಬುಂಟು ಲಿನಕ್ಸ್‌ನಲ್ಲಿ ಟರ್ಮಿನಲ್ ತೆರೆದು 'ರಿಸಾಲ್ವ್‌ಸಿಟಿಎಲ್ ಸ್ಟೇಟಸ್' (resolvectl status) ಕೊಡಿ. ವೈಫೈಗೆ ಯಾವ ಸರ್ವರ್, ಕೇಬಲ್‌ಗೆ ಯಾವುದು, ವಿಪಿಎನ್‌ಗೆ (ದೂರದಿಂದ ಆಫೀಸಿನಂಥ ನೆಟ್‌ವರ್ಕ್‌ಗೆ ಸೇರಿಸುವ ಖಾಸಗಿ ದಾರಿ) ಯಾವುದು ಅಂತ ಬೇರೆ ಬೇರೆಯಾಗಿ ತೋರಿಸುತ್ತದೆ. ಉಬುಂಟುವಿನಲ್ಲಿ ಎನ್‌ಎಸ್‌ಲುಕ್‌ಅಪ್ ಕೊಟ್ಟಾಗ ಕೆಲವರು 127.0.0.53 ಅನ್ನುವ ವಿಳಾಸ ನೋಡಿ ಗಾಬರಿಯಾಗುತ್ತಾರೆ. ಅದು ತಪ್ಪಲ್ಲ. ಕಂಪ್ಯೂಟರ್ ಒಳಗೇ ಓಡುವ ಸಿಸ್ಟಮ್‌ಡಿ ರಿಸಾಲ್ವ್‌ಡಿ ಅನ್ನುವ ಸೇವೆಯ ವಿಳಾಸ ಅದು. ಪ್ರೋಗ್ರಾಂಗಳು ಸಾಮಾನ್ಯವಾಗಿ ಅದನ್ನು ಕೇಳುತ್ತವೆ, ಅದು ಹೊರಗಿನ ಸರ್ವರ್ ಅನ್ನು ಕೇಳುತ್ತದೆ.

ವಿಂಡೋಸ್ 11ರಲ್ಲಿ

ಸೆಟ್ಟಿಂಗ್ಸ್‌ನಲ್ಲಿ 'ನೆಟ್‌ವರ್ಕ್ ಅಂಡ್ ಇಂಟರ್‌ನೆಟ್', ಅದರೊಳಗೆ 'ವೈಫೈ'ಗೆ ಹೋಗಿ. ಇಲ್ಲಿ ಎರಡು ದಾರಿ ಇವೆ, ಮತ್ತು ಹೆಚ್ಚಿನವರು ಎಡವುವುದೇ ಇಲ್ಲಿ. 'ಹಾರ್ಡ್‌ವೇರ್ ಪ್ರಾಪರ್ಟೀಸ್' ಒಳಗೆ ಡಿಎನ್‌ಎಸ್ ಬದಲಿಸಿದರೆ ಅದು ಎಲ್ಲ ವೈಫೈ ನೆಟ್‌ವರ್ಕ್‌ಗಳಿಗೂ ಅನ್ವಯಿಸುತ್ತದೆ. ಅದನ್ನು ಆಟೊಮ್ಯಾಟಿಕ್ ಮಾಡಿಬಿಡಿ. ಇಲ್ಲದಿದ್ದರೆ ಒಂದೊಂದು ನೆಟ್‌ವರ್ಕ್‌ಗೆ ನೀವು ಕೊಟ್ಟ ಸೆಟ್ಟಿಂಗ್ ಲೆಕ್ಕಕ್ಕೇ ಬರುವುದಿಲ್ಲ.

ಆಮೇಲೆ 'ಮ್ಯಾನೇಜ್ ನೋನ್ ನೆಟ್‌ವರ್ಕ್ಸ್' ತೆರೆದು ಮನೆಯ ವೈಫೈ ಹೆಸರನ್ನು ಒತ್ತಿ. 'ಡಿಎನ್‌ಎಸ್ ಸರ್ವರ್ ಅಸೈನ್‌ಮೆಂಟ್' ಎದುರಿಗೆ 'ಎಡಿಟ್' ಇರುತ್ತದೆ. ಮ್ಯಾನುಯಲ್ ಆರಿಸಿ, ಐಪಿವಿ4 (ಐಪಿ ವಿಳಾಸದ ಹಳೆಯ ಮಾದರಿ) ಆನ್ ಮಾಡಿ, ನಂಬರ್ ಬರೆಯಿರಿ. 1.1.1.1 ಕ್ಲೌಡ್‌ಫ್ಲೇರ್ ಕಂಪನಿಯದು, 2018ರಿಂದ ಇದೆ. 8.8.8.8 ಗೂಗಲ್‌ನದು, 2009ರಿಂದ ಇದೆ. 9.9.9.9 ಕ್ವಾಡ್9 ಸಂಸ್ಥೆಯದು, ಮೋಸದ ಸೈಟುಗಳ ಹೆಸರಿಗೆ ಉತ್ತರವನ್ನೇ ಕೊಡುವುದಿಲ್ಲ. ಮಕ್ಕಳು ಬಳಸುವ ಕಂಪ್ಯೂಟರ್ ಆದರೆ 1.1.1.3 ನೋಡಿ, ಅದು ವಯಸ್ಕರ ಸೈಟುಗಳನ್ನೂ ತಡೆಯುತ್ತದೆ.

ಐಪಿ ವಿಳಾಸದ ಹೊಸ ಮಾದರಿ ಐಪಿವಿ6 ಮರೆಯಬೇಡಿ. ನಮ್ಮ ದೇಶದ ಮೊಬೈಲ್ ನೆಟ್‌ವರ್ಕ್‌ಗಳಲ್ಲಿ ಮತ್ತು ಎಷ್ಟೋ ಮನೆಗಳ ಫೈಬರ್‌ನಲ್ಲಿ ಈಗ ಅದು ಸಾಮಾನ್ಯ. ಐಪಿವಿ4ಕ್ಕೆ ಮಾತ್ರ ನಂಬರ್ ಬರೆದರೆ, ಐಪಿವಿ6 ಕಡೆಯಿಂದ ರೂಟರ್ ಕೊಟ್ಟ ಸರ್ವರ್ ಹಾಗೇ ಉಳಿದು, ಕೆಲವು ಪ್ರಶ್ನೆಗಳು ಅಲ್ಲಿಗೇ ಹೋಗಬಹುದು. ಮಕ್ಕಳಿಗೆ ಅಂತ ಹಾಕಿದ ತಡೆ ಒಮ್ಮೆ ಕೆಲಸ ಮಾಡಿ ಒಮ್ಮೆ ಮಾಡದೇ ಇರುವುದಕ್ಕೆ ಇದೂ ಒಂದು ಕಾರಣ. ನೀವು ಆರಿಸಿದ ಸೇವೆಯ ಐಪಿವಿ6 ನಂಬರ್ ಅನ್ನೂ ಬರೆಯಿರಿ. 1.1.1.1ಕ್ಕೆ ಅದು 2606:4700:4700::1111.

ಉಬುಂಟುವಿನಲ್ಲಿ

ಸೆಟ್ಟಿಂಗ್ಸ್‌ನ ವೈಫೈ ಪಟ್ಟಿಯಲ್ಲಿ ನಿಮ್ಮ ನೆಟ್‌ವರ್ಕ್ ಹೆಸರಿನ ಪಕ್ಕದ ಚಕ್ರದ ಗುರುತನ್ನು ಒತ್ತಿ. ಐಪಿವಿ4 ಟ್ಯಾಬ್‌ನಲ್ಲಿ ಡಿಎನ್‌ಎಸ್ ಎದುರಿನ ಆಟೊಮ್ಯಾಟಿಕ್ ಆಫ್ ಮಾಡಿ, ನಂಬರುಗಳನ್ನು ಕಾಮಾ ಹಾಕಿ ಬರೆದು 'ಅಪ್ಲೈ' ಒತ್ತಿ. ಐಪಿವಿ6 ಟ್ಯಾಬ್‌ನಲ್ಲೂ ಹಾಗೇ ಮಾಡಿ. ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಇಲ್ಲಿ ಸೆಟ್ಟಿಂಗ್ ತಾನಾಗಿಯೇ ಆ ಒಂದು ನೆಟ್‌ವರ್ಕ್‌ಗೆ ಮಾತ್ರ ಅಂಟಿಕೊಂಡಿರುತ್ತದೆ.

ಡಿಎನ್‌ಎಸ್ ಸರ್ವರ್‌ನ ವಿಳಾಸ ಇರುವ 'ರಿಸಾಲ್ವ್ ಡಾಟ್ ಕಾನ್ಫ್' (resolv.conf) ಫೈಲನ್ನು ಕೈಯಿಂದ ತಿದ್ದಿ ಅಂತ ಹಳೆಯ ಲೇಖನಗಳಲ್ಲಿ ಇರುತ್ತದೆ. ತಿದ್ದಬೇಡಿ. ಇದನ್ನು ತಿದ್ದಬಾರದು ಅಂತ ಆ ಫೈಲಿನ ಮೇಲ್ಭಾಗದಲ್ಲೇ ಬರೆದಿದೆ. ತಿದ್ದಿದ್ದು ಮುಂದಿನ ಸಲ ನೆಟ್‌ವರ್ಕ್ ಬದಲಾದಾಗ ಅಥವಾ ಕಂಪ್ಯೂಟರ್ ಮತ್ತೆ ಶುರುವಾದಾಗ ಅಳಿಸಿ ಹೋಗುತ್ತದೆ. ಅಳಿಸಿ ಹೋಗದಂತೆ ಫೈಲಿಗೆ ಬೀಗ ಹಾಕುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಅದಂತೂ ಬೇಡವೇ ಬೇಡ. ಊರು ಬದಲಾದರೂ ಕಂಪ್ಯೂಟರ್ ಹಳೆಯ ಸರ್ವರ್ ಅನ್ನೇ ಹುಡುಕುತ್ತಾ ಕೂರುತ್ತದೆ.

ಎರಡನೇ ನಂಬರ್ ಏನು ಮಾಡುತ್ತದೆ?

ಆಫೀಸಿನ ಒಳಗಿನ ಸೈಟುಗಳ ಹೆಸರು ಆಫೀಸಿನ ಸರ್ವರ್‌ಗೆ ಮಾತ್ರ ಗೊತ್ತಿರುತ್ತದೆ. ಊರಿನ ಒಳದಾರಿ ಊರಿನವರಿಗೇ ಗೊತ್ತಿರುವ ಹಾಗೆ. ಆದ್ದರಿಂದ ಕೆಲವರು ಮೊದಲ ನಂಬರ್ ಆಫೀಸಿನದು, ಎರಡನೆಯದು 8.8.8.8 ಅಂತ ಬರೆದಿಡುತ್ತಾರೆ. ಒಬ್ಬರಿಗೆ ಗೊತ್ತಿಲ್ಲದಿದ್ದರೆ ಇನ್ನೊಬ್ಬರನ್ನು ಕೇಳಲಿ ಅಂತ. ಕೇಳಲು ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಅದು ಹಾಗೆ ಕೆಲಸ ಮಾಡುವುದಿಲ್ಲ.

'ಆ ಹೆಸರು ಇಲ್ಲ' ಅನ್ನುವುದೂ ಒಂದು ಉತ್ತರವೇ. ಕ್ರೋಮ್‌ನಲ್ಲಿ 'ಎನ್‌ಎಕ್ಸ್‌ಡೊಮೈನ್' ಅಂತ ಕೊನೆಯಾಗುವ ದೋಷದ ಸಾಲು ಕಂಡರೆ ಸಾಮಾನ್ಯವಾಗಿ ಅದರ ಅರ್ಥ ಇದೇ. ಮೊದಲ ಸರ್ವರ್ ಹಾಗಂದ ಮೇಲೆ ಎರಡನೆಯದನ್ನು ಕಂಪ್ಯೂಟರ್ ಕೇಳುವುದಿಲ್ಲ. ಮೊದಲನೆಯದು ಸುಮ್ನೆ ಇದ್ದರೆ, ಅಂದರೆ ಉತ್ತರವೇ ಕೊಡದಿದ್ದರೆ ಮಾತ್ರ ಎರಡನೆಯದರ ಸರದಿ. ಇನ್ನೂ ಒಂದು ತೊಡಕಿದೆ. ಆಫೀಸಿನ ಸರ್ವರ್ ಒಂದು ಕ್ಷಣ ತಡಮಾಡಿತು ಅಂತಿಟ್ಟುಕೊಳ್ಳಿ. ಸಿಸ್ಟಮ್‌ಡಿ ರಿಸಾಲ್ವ್‌ಡಿ 8.8.8.8ಕ್ಕೆ ಹೊರಳುತ್ತದೆ, ಅದು ಕೈಕೊಡುವವರೆಗೆ ಅಲ್ಲೇ ಇರುತ್ತದೆ. ಅಲ್ಲಿ ಆಫೀಸಿನ ಹೆಸರು ಕೇಳಿದರೆ 'ಇಲ್ಲ' ಅನ್ನುವ ಉತ್ತರ. ಬೆಳಿಗ್ಗೆ ತೆರೆದ ಪುಟ ಮಧ್ಯಾಹ್ನ ತೆರೆಯುವುದಿಲ್ಲ. ಎರಡು ನಂಬರ್ ಬರೆಯುವುದಾದರೆ ಎರಡೂ ಒಂದೇ ಸೇವೆಯದಾಗಿರಲಿ: 1.1.1.1ರ ಜೊತೆ 1.0.0.1, 8.8.8.8ರ ಜೊತೆ 8.8.4.4. ಆಫೀಸಿನ ನೆಟ್‌ವರ್ಕ್ ಮತ್ತು ವಿಪಿಎನ್ ಎರಡನ್ನೂ ಆಟೊಮ್ಯಾಟಿಕ್‌ಗೆ ಬಿಡಿ.

ಲಾಗಿನ್ ಪುಟ ಬರದಿದ್ದರೆ

ಲಾಡ್ಜ್, ರೈಲ್ವೆ ಸ್ಟೇಷನ್, ಏರ್‌ಪೋರ್ಟ್‌ಗಳಲ್ಲಿ ಮೊದಲು ಒಂದು ಪುಟ ಬಂದು ಫೋನ್ ನಂಬರ್, ಒಟಿಪಿ ಕೇಳುತ್ತದೆ. ಲಾಗಿನ್ ಆಗುವವರೆಗೆ ಹೊರಗಿನ ಸರ್ವರ್‌ಗೆ ಹೋಗಲು ಆ ನೆಟ್‌ವರ್ಕ್ ಬಿಡದೇ ಇರಬಹುದು. ವಿಂಡೋಸ್‌ನಲ್ಲಿ 'ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್' (ಡಿಎನ್‌ಎಸ್ ಪ್ರಶ್ನೆಯನ್ನು ಬೇರೆಯವರು ಓದಲಾಗದಂತೆ ಕಳಿಸುವ ವಿಧಾನ) ಕಡ್ಡಾಯ ಮಾಡಿದ್ದರೆ, ಅಥವಾ ಬ್ರೌಸರ್‌ನ 'ಸೆಕ್ಯೂರ್ ಡಿಎನ್‌ಎಸ್'ನಲ್ಲಿ ನೀವೇ ಒಂದು ಸೇವೆಯನ್ನು ಆರಿಸಿದ್ದರೆ, ಲಾಗಿನ್ ಪುಟದ ಹೆಸರೇ ಸಿಗುವುದಿಲ್ಲ. ಆ ನೆಟ್‌ವರ್ಕ್ ಆಟೊಮ್ಯಾಟಿಕ್‌ನಲ್ಲಿದೆಯಾ ನೋಡಿ, ಬ್ರೌಸರ್‌ನ ಸೆಟ್ಟಿಂಗ್ ತಾತ್ಕಾಲಿಕವಾಗಿ ಆಫ್ ಮಾಡಿ, ಲಾಗಿನ್ ಆಗಿ, ಮತ್ತೆ ಆನ್ ಮಾಡಿ. ಮತ್ತೆ ಆನ್ ಮಾಡುವುದು ಮುಖ್ಯ. ಅಪರಿಚಿತ ವೈಫೈನಲ್ಲಿ ನೀವು ಯಾವ ಸೈಟಿನ ಹೆಸರು ಕೇಳಿದಿರಿ ಅನ್ನುವುದು ನಡುವಿನವರಿಗೆ ಕಾಣದಂತೆ ಇರಿಸುವುದು ಅದೇ.

ಇಷ್ಟಾದರೂ ಹಳೆಯ ತಪ್ಪು ಉತ್ತರವೇ ಬರುತ್ತಿದ್ದರೆ, ಕಂಪ್ಯೂಟರ್ ನೆನಪಿಟ್ಟುಕೊಂಡ ಉತ್ತರಗಳನ್ನು ಅಳಿಸಬೇಕು. ವಿಂಡೋಸ್‌ನಲ್ಲಿ 'ಐಪಿಕಾನ್ಫಿಗ್' ಬರೆದು, ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಶ್ ಹಾಕಿ 'ಫ್ಲಶ್‌ಡಿಎನ್‌ಎಸ್' (ipconfig /flushdns) ಕೊಡಿ. ಉಬುಂಟುವಿನಲ್ಲಿ 'ರಿಸಾಲ್ವ್‌ಸಿಟಿಎಲ್ ಫ್ಲಶ್-ಕ್ಯಾಶಸ್' (resolvectl flush-caches). ಬ್ರೌಸರ್ ತನ್ನದೇ ಬೇರೆ ನೆನಪು ಇಟ್ಟುಕೊಂಡಿರುತ್ತದೆ, ಅದನ್ನು ಪೂರ್ತಿ ಮುಚ್ಚಿ ತೆರೆಯಿರಿ.

ಮನೆಗೆ ಮಾತ್ರ ಬೇರೆ ಡಿಎನ್‌ಎಸ್ ಸಾಕು ಅನ್ನುವವರಿಗೆ ಇದಕ್ಕಿಂತ ಸುಲಭದ ದಾರಿ ಒಂದಿದೆ. ಕಂಪ್ಯೂಟರ್ ಬಿಟ್ಟು ರೂಟರ್‌ನಲ್ಲೇ ಅದನ್ನು ಬದಲಿಸಿ. ರೂಟರ್‌ನ ಸೆಟ್ಟಿಂಗ್ ಪುಟದಲ್ಲಿ, ಸಾಧನಗಳಿಗೆ ವಿಳಾಸ ಹಂಚುವ 'ಡಿಎಚ್‌ಸಿಪಿ' ಭಾಗದಲ್ಲಿ ಡಿಎನ್‌ಎಸ್‌ಗೆ ಜಾಗ ಇರುತ್ತದೆ. ಕಂಪನಿ ಕೊಟ್ಟ ಕೆಲವು ರೂಟರ್‌ಗಳಲ್ಲಿ ಇದನ್ನು ಬದಲಿಸಲು ಬಿಡುವುದಿಲ್ಲ, ಆಗ ಮೇಲಿನ ದಾರಿಯೇ ಗತಿ. ಬದಲಿಸಲು ಬಿಟ್ಟರೆ, ಮನೆಯ ಫೋನು, ಟಿವಿ, ಲ್ಯಾಪ್‌ಟಾಪ್ ಎಲ್ಲಕ್ಕೂ ಅದೇ ಸಿಗುತ್ತದೆ, ಲ್ಯಾಪ್‌ಟಾಪ್ ಎಲ್ಲಿ ಹೋದರೂ ಆಟೊಮ್ಯಾಟಿಕ್‌ನಲ್ಲೇ ಇರಬಹುದು. ರೂಟರ್‌ನಲ್ಲಿ ಬದಲಿಸಿದ ಮೇಲೆ ಪ್ರತಿ ಸಾಧನದ ವೈಫೈಯನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಮತ್ತೆ ಸೇರಿದಾಗ ಹೊಸ ವಿಳಾಸ ಅವಕ್ಕೆ ಕೂಡಲೇ ತಲುಪುತ್ತದೆ.