ಹಕ್ಕಿಗೂ ಮೊದಲು ನೀರು ನೋಡಿ: ಅಳಿವೆಯಲ್ಲಿ ಪಕ್ಷಿವೀಕ್ಷಣೆ ಮಾಡುವುದು ಹೇಗೆ?

ಕೆರೆದಂಡೆಯಲ್ಲೋ ಕಾಡಂಚಿನಲ್ಲೋ ಹಕ್ಕಿ ನೋಡಿ ರೂಢಿಯಾದವರು ಕರಾವಳಿಗೆ ಬಂದರೂ ಅದೇ ಅಭ್ಯಾಸ ಬಿಡುವುದಿಲ್ಲ. ಬೆಳಿಗ್ಗೆ ಆರಕ್ಕೆ ಹೊರಟು, ಒಂಬತ್ತಕ್ಕೆ ತಿಂಡಿಯ ಹೊತ್ತಿಗೆ ಮರಳುತ್ತಾರೆ. ‘ಏನೂ ಇರಲಿಲ್ಲ’ ಎಂಬ ದೂರೂ ಜೊತೆಗೇ ಬರುತ್ತದೆ. ಹೊಳೆ ಸಮುದ್ರ ಸೇರುವ ಅಳಿವೆಯ ಹಕ್ಕಿಗಳು ಸೂರ್ಯನನ್ನು ನೋಡಿಕೊಂಡು ಬದುಕುವುದಿಲ್ಲ. ನೀರಿಳಿದು ಕೆಸರು ಬಯಲಾದರೆ ಊಟ, ಮುಳುಗಿದರೆ ವಿಶ್ರಾಂತಿ. ಅದು ನಡುರಾತ್ರಿಯಾದರೂ ಸರಿಯೇ.

ಉದಾಹರಣೆಗೆ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯನ್ನೇ ಇಟ್ಟುಕೊಳ್ಳೋಣ. ಶಿರಸಿ ಕಡೆ ಹುಟ್ಟಿ, ದೊಡ್ಡ ಅಣೆಕಟ್ಟು ಯಾವುದಕ್ಕೂ ಸಿಗದೆ ಇಳಿದು ಬರುವ ಹೊಳೆ ಇದು. ತದಡಿ ಒಂದು ಕಡೆ, ಅಘನಾಶಿನಿ ಊರು ಇನ್ನೊಂದು ಕಡೆ, ನಡುವೆ ಸಮುದ್ರದ ಬಾಯಿ. ಒಳಗೆ ಕೆಸರುಬಯಲು, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡು, ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆ, ಸಾಣಿಕಟ್ಟಾದ ಉಪ್ಪಿನ ಆಗರ. 2024ರಲ್ಲಿ ಇಲ್ಲಿನ 4,801 ಹೆಕ್ಟೇರ್ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಇಲ್ಲಿ ಕಲಿತ ಪಾಠ ಕಾಳಿ, ಶರಾವತಿ, ಗಂಗೊಳ್ಳಿ, ಸಸಿಹಿತ್ಲು ಎಲ್ಲ ಕಡೆಯೂ ಉಪಯೋಗಕ್ಕೆ ಬರುತ್ತದೆ.

1. ಹೊತ್ತು ಲೆಕ್ಕ ಹಾಕಿ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಇವತ್ತಿನ ಉಬ್ಬರ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಕಾರವಾರದ ಅಥವಾ ಮಂಗಳೂರಿನ ಉಬ್ಬರ–ಇಳಿತದ ವೇಳಾಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ. ಆದರೆ ಅಳಿವೆಯ ಒಳಗೆ ಹೋದಂತೆ ನೀರು ತಡವಾಗಿ ಏರುತ್ತದೆ ಎಂಬುದನ್ನು ಆ ಪಟ್ಟಿ ಹೇಳುವುದಿಲ್ಲ, ದೋಣಿಯವರು ಹೇಳುತ್ತಾರೆ. ಗೋಡೆಯ ಪಂಚಾಂಗವೂ ಸಾಕು: ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಏರಿ ಜಾಸ್ತಿ ಇಳಿಯುತ್ತದೆ, ಅಷ್ಟಮಿ ಕಳೆದ ಒಂದೆರಡು ದಿನ ಏರಿಳಿತ ಮಂದ.

ಪೂರ್ತಿ ಇಳಿತಕ್ಕೆ ಹೋದರೆ ಹಕ್ಕಿಗಳು ವಿಶಾಲ ಕೆಸರಿನಲ್ಲಿ ಚದುರಿ, ದುರ್ಬೀನಿಗೂ ಚುಕ್ಕೆಗಳಾಗಿರುತ್ತವೆ. ಉಬ್ಬರಕ್ಕೆ ಎರಡು ಗಂಟೆ ಮೊದಲೇ ಹೋಗಿ ಕೂತುಬಿಡಿ. ನೀರು ಏರಿದಂತೆ ಕೆಸರು ಕಿರಿದಾಗಿ, ಹಕ್ಕಿಗಳು ತಾವಾಗಿಯೇ ನಿಮ್ಮತ್ತ ಸರಿಯುತ್ತವೆ. ಕೊನೆಗೆ ಮರಳದಿಬ್ಬದಲ್ಲೋ ಉಪ್ಪಿನ ಆಗರದ ಬದುವಿನಲ್ಲೋ ಒತ್ತೊತ್ತಾಗಿ ನಿಲ್ಲುತ್ತವೆ. ಎಣಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ.

2. ಬೆಳಕು ಬೆನ್ನಿಗಿರಲಿ

ನಮ್ಮ ಸಮುದ್ರ ಪಡುವಣದಲ್ಲಿದೆ. ಆದ್ದರಿಂದ ಬೆಳಿಗ್ಗೆ ಕಡಲತೀರ, ಮಧ್ಯಾಹ್ನದ ಮೇಲೆ ಸಮುದ್ರದ ಬದಿಯಲ್ಲಿ ನಿಂತು ಪೂರ್ವಕ್ಕೆ, ಅಳಿವೆಯ ಒಳಗಡೆಗೆ ನೋಟ. ಸಂಜೆ ಕಡಲಿನ ಕಡೆ ನೋಡಿದರೆ ಸೂರ್ಯಾಸ್ತ ಚಂದ ಕಾಣುತ್ತದೆ, ಹಕ್ಕಿಗಳೆಲ್ಲ ಕಪ್ಪು. ಬಿಸಿಲೇರಿದ ಮೇಲೆ ಮರಳಿನ ಝಳಕ್ಕೆ ಎಲ್ಲವೂ ನಡುಗುತ್ತದೆ. ಆಗ ಕಾಲಿನ ಬಣ್ಣದ ಬಗ್ಗೆ ಜಗಳ ಆಡಬೇಡಿ.

3. ಸಾಮಾನು ಕಡಿಮೆ ಇರಲಿ

ಎಂಟು ಪಟ್ಟು ದೊಡ್ಡದು ಮಾಡಿ ತೋರಿಸುವ 8x42 ದುರ್ಬೀನು ಸಾಕು. ಇನ್ನೂ ಹೆಚ್ಚು ದೊಡ್ಡದು ಮಾಡಿ ತೋರಿಸುವುದು ಕಡಲಗಾಳಿಗೆ ಕೈಯಲ್ಲಿ ನಿಲ್ಲುವುದಿಲ್ಲ. ಗೆಳೆಯರ ಗುಂಪಿನಲ್ಲಿ ಮುಕ್ಕಾಲಿಯ ಮೇಲೆ ನಿಲ್ಲಿಸಿ ದೂರದ್ದನ್ನು ನೋಡುವ ಒಂದು ಸ್ಪಾಟಿಂಗ್ ಸ್ಕೋಪ್ ಇದ್ದರೆ ಪುಣ್ಯ. ಮನೆಗೆ ಬಂದ ಮೇಲೆ ಗಾಜನ್ನು ಒಣಬಟ್ಟೆಯಲ್ಲಿ ಉಜ್ಜಬೇಡಿ, ಉಪ್ಪು–ಮರಳಿನಿಂದ ಗೀರು ಬೀಳುತ್ತದೆ. ಮೊದಲು ಊದಿ, ನಂತರ ಒದ್ದೆಬಟ್ಟೆ. ಟೊಪ್ಪಿ, ಕುಡಿಯುವ ನೀರು, ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಬೇಕು. ಬರಿಗಾಲು ಬೇಡ, ಕಲ್ವದ ಚಿಪ್ಪು ಬ್ಲೇಡಿನಂತೆ ಕೊಯ್ಯುತ್ತದೆ.

4. ಎಲ್ಲಿ ನಿಲ್ಲಬೇಕು?

ಕೆಸರಿಗೆ ಇಳಿಯುವ ಮುಂಚೆ ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರನ್ನು ಕೇಳಿ. ‘ಅಕ್ಕಾ, ಈ ಬದಿ ನೆಲ ಗಟ್ಟಿ ಇದ್ಯಾ?’ ಎಂಬ ಒಂದು ಪ್ರಶ್ನೆಗೆ ಹೂತುಹೋಗುವ ಜಾಗ, ನೀರು ಸುತ್ತುಗಟ್ಟುವ ದಿಬ್ಬ, ‘ದೊಡ್ಡ ಹಕ್ಕಿ’ ಕೂರುವ ಮರ ಎಲ್ಲಕ್ಕೂ ಉತ್ತರ ಸಿಕ್ಕೀತು. ದಿಬ್ಬದ ಮೇಲಿದ್ದಾಗ ಎದುರಿಗಿಂತ ಬೆನ್ನ ಹಿಂದಿನ ನೀರಿನ ಮೇಲೆ ಕಣ್ಣಿಡಿ. ಉಪ್ಪಿನ ಆಗರ ದುಡಿಮೆಯ ಜಾಗ, ಕೇಳಿಕೊಂಡೇ ಒಳಗೆ ಹೋಗಿ.

ಹಕ್ಕಿಗಳು ಕತ್ತೆತ್ತಿ ನಿಂತರೆ ನೀವು ಹತ್ತಿರವಾದಿರಿ ಎಂದರ್ಥ, ಅಲ್ಲೇ ಕುಳಿತುಕೊಳ್ಳಿ. ಒಳ್ಳೆಯ ಫೋಟೊಕ್ಕಾಗಿ ಗುಂಪನ್ನು ಎಬ್ಬಿಸಿ ಹಾರಿಸುವವರ ಬಗ್ಗೆ ನನಗೆ ಸಹನೆ ಕಡಿಮೆ. ಸಾವಿರಾರು ಕಿಲೋಮೀಟರ್ ಹಾರಲು ಕೊಬ್ಬು ಕೂಡಿಡುತ್ತಿರುವ ಜೀವದ ಶಕ್ತಿಯನ್ನು ಸುಮ್ಮನೆ ಸುಡುವ ಕೆಲಸ ಅದು.

5. ಸುಲಭದಿಂದ ಕಷ್ಟಕ್ಕೆ

ಮೊದಲ ದಿನವೇ ಕಂದು ಬಣ್ಣದ ಸಣ್ಣ ಹಕ್ಕಿಗಳ ಬೆನ್ನುಹತ್ತಬೇಡಿ. ಮೀನಿನ ಧಕ್ಕೆಯಿಂದ ಶುರು ಮಾಡಿ. ಗರುಡ, ಹದ್ದು ಎರಡೂ ತಲೆಯ ಮೇಲೇ ಸುತ್ತುತ್ತವೆ. ಬಿಳಿ ತಲೆಯಿಲ್ಲದ ಮರಿ ಗರುಡ ಹದ್ದಿನಂತೆಯೇ ಕಂಡರೂ ಬಾಲ ಸುಳ್ಳು ಹೇಳದು: ಗರುಡನದು ದುಂಡು, ಹದ್ದಿನದು ಕವಲು. ಬಿಳಿ ಹೊಟ್ಟೆಯ ಕಡಲ ಹದ್ದಿನ ಬಾಲ ಚಿಕ್ಕದು, ಬೆಣೆಯಾಕಾರ. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪ ಅದು ಗೂಡು ಕಟ್ಟುವ ಹೆಸರಾಂತ ತಾಣ.

ಬೆಳ್ಳಕ್ಕಿಯಲ್ಲೂ ಮೋಸವಿದೆ. ಕರಾವಳಿ ಬೆಳ್ಳಕ್ಕಿ ಬೂದುಗಪ್ಪು ಬಣ್ಣದಲ್ಲೂ ಅಚ್ಚಬಿಳಿಯಲ್ಲೂ ಬರುತ್ತದೆ. ಬಿಳಿಯದನ್ನು ಸಣ್ಣ ಬೆಳ್ಳಕ್ಕಿಯಿಂದ ಬೇರೆ ಮಾಡಲು ಕೊಕ್ಕು ನೋಡಿ. ಸಣ್ಣ ಬೆಳ್ಳಕ್ಕಿಯದು ಕಪ್ಪು, ತೆಳು. ಕರಾವಳಿಯದರದ್ದು ದಪ್ಪ, ಹೆಚ್ಚಾಗಿ ಹಳದಿ ಮಿಶ್ರಿತ ಕಂದು.

ಆಮೇಲೆ ನಡಿಗೆ ನೋಡಿ. ಅಲೆಯ ಹಿಂದೆ ಓಡಿ, ಅಲೆ ಬಂದಾಗ ಹಿಂದಕ್ಕೋಡಿ ಬರುವುದು ಸ್ಯಾಂಡರ್ಲಿಂಗ್. ಕಲ್ಲು, ಚಿಪ್ಪು ಮಗುಚುವುದು ಟರ್ನ್‌ಸ್ಟೋನ್. ಕೆಳಗೆ ಬಾಗಿದ ಕೊಕ್ಕಿನಿಂದ ಏಡಿ ಎಳೆಯುವುದು ವಿಂಬ್ರೆಲ್. ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಲ್ಲುವುದೆಲ್ಲ ಪ್ಲೋವರ್ ಜಾತಿ. ಟಿಬೆಟನ್ ಸ್ಯಾಂಡ್ ಪ್ಲೋವರ್ ಮತ್ತು ಗ್ರೇಟರ್ ಸ್ಯಾಂಡ್ ಪ್ಲೋವರ್ ಒಟ್ಟಿಗೇ ನಿಂತಿರುವಾಗ ಪಳಗಿದವರೂ ತಡವರಿಸುತ್ತಾರೆ. ಗ್ರೇಟರ್‌ನ ಕೊಕ್ಕು ಉದ್ದ, ಕಾಲೂ ಉದ್ದ, ಹಾರುವಾಗ ಪಾದ ಬಾಲದಾಚೆ ಚಾಚುತ್ತದೆ. ಚಳಿಗಾಲವಿಡೀ ಮಣ್ಣಿನ ಬಣ್ಣದಲ್ಲಿರುವ ಇವು ಏಪ್ರಿಲ್ ಹೊತ್ತಿಗೆ ಇಟ್ಟಿಗೆಗೆಂಪು ಎದೆ ತೊಟ್ಟು ಹೊರಡುತ್ತವೆ. ಟಿಬೆಟನ್ ಪ್ಲೋವರ್ ಮರಿಮಾಡುವ ಜಾಗಗಳಲ್ಲಿ ಲಡಾಖಿನ ಎತ್ತರದ ಬಯಲೂ ಒಂದು. ತದಡಿಯ ಕೆಸರಿನಲ್ಲಿ ಹುಳ ಹೆಕ್ಕುವ ಈ ಮುಷ್ಟಿಗಾತ್ರದ ಹಕ್ಕಿ ಹಿಮಾಲಯದಾಚೆಯ ಬಾಣಂತಿಮನೆಗೆ ಹೋಗುತ್ತದೆ ಎನ್ನುವುದನ್ನು ನೆನೆದರೆ ಗುರುತಿಸುವ ಕಷ್ಟವೂ ಹಗುರ.

ಸೆಪ್ಟೆಂಬರಿನಿಂದ ಏಪ್ರಿಲ್ ಒಳ್ಳೆಯ ಕಾಲ. ಮಳೆಗಾಲಕ್ಕೂ ಅದರದೇ ಸೆಳೆತ ಇದೆ: ಬಿರುಗಾಳಿಯ ಮರುದಿನ ನಡುಗಡಲಿನ ಹಕ್ಕಿಗಳು ಬಳಲಿ ದಡ ಸೇರುವುದುಂಟು. ಅಂಥದ್ದು ಸಿಕ್ಕರೆ ನೀರಿಗೆ ಮರಳಿ ಎಸೆಯಬೇಡಿ. ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ ಇಟ್ಟು ಅರಣ್ಯ ಇಲಾಖೆಗೆ ಫೋನ್ ಮಾಡಿ.

6. ಬರೆದಿಡಿ

ಹಕ್ಕಿಯ ಹೆಸರು, ಸಂಖ್ಯೆಯ ಜೊತೆ ನೀರು ಏರುತ್ತಿತ್ತೋ ಇಳಿಯುತ್ತಿತ್ತೋ ಎಂದೂ ಬರೆಯಿರಿ. ಹಕ್ಕಿ ದಾಖಲೆಯ ಜಾಲತಾಣ ಇ-ಬರ್ಡ್‌ಗೆ ಪಟ್ಟಿ ಹಾಕುವಾಗ ಗೊತ್ತಾಗದ್ದನ್ನು ಊಹಿಸದೆ ‘ಸ್ಯಾಂಡ್ ಪ್ಲೋವರ್’ ಎಂದಷ್ಟೇ ಬಿಟ್ಟರೆ ತಪ್ಪಿಲ್ಲ. ಕಾಲಿನಲ್ಲಿ ಬಣ್ಣದ ಪಟ್ಟಿಯೋ ಉಂಗುರವೋ ಕಂಡರೆ ಮಾತ್ರ ಮಿಕ್ಕದ್ದನ್ನೆಲ್ಲ ಬಿಟ್ಟು ಅದರ ಫೋಟೊ ತೆಗೆಯಿರಿ. ಯಾವ ಕಾಲು, ಕೀಲಿನ ಮೇಲೋ ಕೆಳಗೋ, ಬಣ್ಣ ಯಾವುದು, ಅಕ್ಷರ ಇದೆಯೇ ಎಂದು ಗುರುತು ಹಾಕಿಕೊಂಡು, ಹಕ್ಕಿಗಳಿಗೆ ಉಂಗುರ ತೊಡಿಸುವ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ.